ಸೆಕೆಂಡ್ ಹ್ಯಾಂಡ್ ರೀಲ್ ಕ್ಯಾಮೆರಾ: ಕ್ಲಿಕ್ ಸದ್ದನ್ನು ನಂಬಿ ಕೆಟ್ಟ ನನ್ನ ಅನುಭವ

ನನ್ನ ಮೊದಲ ರೀಲ್ ಕ್ಯಾಮೆರಾವನ್ನು ಕೊಂಡದ್ದು ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ. ಅದು ಯಾಶಿಕಾ ಎಲೆಕ್ಟ್ರೋ 35, ಅಂದರೆ 1966ರಲ್ಲಿ ಮಾರುಕಟ್ಟೆಗೆ ಬಂದ ಸರಣಿಯದು. ಲೋಹದ ಮೈ ಫಳಫಳ ಹೊಳೆಯುತ್ತಿತ್ತು, ಚರ್ಮದ ಚೀಲವೂ ಜೊತೆಗಿತ್ತು. ಅಂಗಡಿಯವರು ಲಿವರ್ ಎಳೆದು ಬಟನ್ ಒತ್ತಿ, "ಕೇಳಿಸ್ತಲ್ಲ ಸಾರ್, ಚಾಲೂ ಇದೆ" ಎಂದರು. ನಾನು 2,500 ರೂಪಾಯಿ ಕೊಟ್ಟು ತಂದೆ. ತಂಗಿಯ ಮಗನ ನಾಮಕರಣದಲ್ಲಿ ಒಂದು ಪೂರ್ತಿ ರೀಲು ತೆಗೆದು ತೊಳೆಸಿದಾಗ, ಅಂಗಳದ ಬಿಸಿಲಿನಲ್ಲಿ ತೆಗೆದ ನಾಲ್ಕೈದನ್ನು ಬಿಟ್ಟರೆ ಉಳಿದ ನೆಗೆಟಿವ್ ಗಾಜಿನಂತೆ ಖಾಲಿಯಾಗಿ ಬಂತು.

ಕಾರಣ ತಿಳಿದಾಗ ಅಂಗಡಿಯವರಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಈ ಕ್ಯಾಮೆರಾದಲ್ಲಿ ರೀಲಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಶಟರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತು. ಬ್ಯಾಟರಿ ಇಲ್ಲದಿದ್ದರೂ ಬಟನ್ ಒತ್ತಿದರೆ ಅದು ಕ್ಲಿಕ್ ಎನ್ನುತ್ತದೆ, ಆದರೆ ಪ್ರತಿ ಸಲವೂ ಸೆಕೆಂಡಿನ 1/500 ಭಾಗ ಮಾತ್ರ ತೆರೆದು ಮುಚ್ಚಿಕೊಳ್ಳುತ್ತದೆ. ಮೂಲತಃ ಇದಕ್ಕೆ ಬೇಕಾಗಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲವಾದ್ದರಿಂದ ಅಡಾಪ್ಟರ್ ಜೊತೆ 6 ವೋಲ್ಟಿನದನ್ನು ಹಾಕಿದ್ದೆ. ಆದರೆ ಗೂಡಿನೊಳಗಿನ ತಗಡು ಹಸಿರು ಕಿಲುಬು ಹಿಡಿದು ವಿದ್ಯುತ್ತು ಒಳಗೆ ಹೋಗುತ್ತಲೇ ಇರಲಿಲ್ಲ. ಸೂಚನೆಯ ಕೆಂಪು, ಹಳದಿ ದೀಪಗಳು ಹತ್ತದಿದ್ದುದನ್ನು ನೋಡಿಯೂ, ಹಳೆಯದಲ್ಲವೇ, ಬಲ್ಬು ಹೋಗಿರಬಹುದು ಎಂದುಕೊಂಡಿದ್ದೆ.

ಎರಡನೆಯ ಸಲ ಪೂರ್ಣ ಯಾಂತ್ರಿಕ ಕ್ಯಾಮೆರಾವನ್ನೇ ಹುಡುಕಿದೆ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000ರಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಸತ್ತರೂ ಒಂದು ಸೆಕೆಂಡಿನಿಂದ 1/1000ದವರೆಗಿನ ಎಲ್ಲ ವೇಗಗಳೂ ಕೆಲಸ ಮಾಡುತ್ತವೆ. ಉಡುಪಿಯಲ್ಲಿ ನಮ್ಮ ಪರಿಚಯದ ನಿವೃತ್ತ ಮಾಷ್ಟ್ರೊಬ್ಬರ ಬಳಿ ಅಂಥದ್ದೊಂದು ಇದೆ ಎಂದು ತಿಳಿದು, ಫೋನು, ಟಾರ್ಚು ಮತ್ತು ಬೆಳಕು ಬಿದ್ದು ಹಾಳಾಗಿದ್ದ ಒಂದು ರೀಲು ಹಿಡಿದು ಹೋದೆ. ಹಾಳಾದ ರೀಲನ್ನು ಎಸೆಯಬಾರದು ಎಂದು ಅಂದೇ ನಿಶ್ಚಯಿಸಿದೆ: ಅದನ್ನು ಕ್ಯಾಮೆರಾಕ್ಕೆ ಹಾಕಿ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಬ್ಬಿ ತಿರುಗಿದರೆ ಮಾತ್ರ ರೀಲು ನಿಜವಾಗಿ ಮುಂದೆ ಸಾಗುತ್ತಿದೆ ಎಂದರ್ಥ.

ಆಮೇಲೆ ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು, ಶಟರ್ ತೆರೆದು ಮುಚ್ಚುವುದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಸೆರೆಹಿಡಿದೆ. ಫೋನು ಸೆಕೆಂಡಿಗೆ 240 ಚೌಕಟ್ಟು ತೆಗೆಯುವುದರಿಂದ, ಒಂದು ಸೆಕೆಂಡಿನ ವೇಗದಲ್ಲಿ ಬೆಳಕು 240 ಚೌಕಟ್ಟುಗಳಲ್ಲಿ, 1/30ರಲ್ಲಿ 8ರಲ್ಲಿ ಕಾಣಿಸಬೇಕು. ಒಂದು ಸೆಕೆಂಡಿನದು ಎಣಿಸಿದಾಗ ಮುನ್ನೂರರ ಹತ್ತಿರ ಬಂತು; ನೆಗೆಟಿವ್ ರೀಲು ಸ್ವಲ್ಪ ಹೆಚ್ಚಿನ ಬೆಳಕನ್ನು ಸಹಿಸಿಕೊಳ್ಳುವುದರಿಂದ ಅದನ್ನು ದೋಷವೆಂದು ಎಣಿಸಲಿಲ್ಲ. ಬಾಗಿಲ ಅಂಚಿನ ಕಪ್ಪು ಫೋಮ್ ಮಾತ್ರ ಡಾಂಬರಿನಂತೆ ಕರಗಿ ಬೆರಳಿಗೆ ಅಂಟುತ್ತಿತ್ತು. ಹಳೆಯ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಸ್ಪಿರಿಟಿನಲ್ಲಿ ಒರೆಸಿ ತೆಗೆದು ಕಪ್ಪು ಉಲ್ಲನ್ನಿನ ದಾರ ಅಂಟಿಸಿದರೂ ಬೆಳಕು ಸೋರುವುದು ನಿಲ್ಲುತ್ತದೆ.

ಲೆನ್ಸಿನ ಕಥೆ ಬೇರೆ. 50 ಮಿಲಿಮೀಟರಿನ ಆ ಲೆನ್ಸನ್ನು ಬೆಳಕಿನಲ್ಲಿ ತಿರುಗಿಸಿ ನೋಡಿದರೆ ಶುಭ್ರವಾಗಿಯೇ ಇತ್ತು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರವನ್ನು, ಪೂರ್ತಿ ತೆರೆದು ಹಿಂದಿನಿಂದ ಟಾರ್ಚು ಬಿಟ್ಟಾಗ ಒಳಗಾಜಿನ ಅಂಚಿನಲ್ಲಿ ಜೇಡನ ಬಲೆಯ ಎಳೆಗಳಂತೆ ಬೂಷ್ಟು ಹಬ್ಬಿರುವುದು ಕಂಡಿತು. ಮಾಷ್ಟ್ರು ಅದನ್ನು ಪ್ರೀತಿಯಿಂದ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದರು, ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ನಾನು ಟಾರ್ಚನ್ನು ಅವರ ಕೈಗೇ ಕೊಟ್ಟೆ. ಅವರು ಇಣುಕಿ ನೋಡಿ, ನಾನು ಕೇಳುವ ಮೊದಲೇ 6,000ವನ್ನು 5,000ಕ್ಕೆ ಇಳಿಸಿದರು. ಆಮೇಲೆ ಲೆನ್ಸನ್ನು ದುರಸ್ತಿ ಮಾಡಿದ ಹಿರಿಯರು, "ಬೂಷ್ಟು ತೆಗೆದು ಕೊಡ್ತೇನೆ, ಅದು ತಿಂದ ಕೋಟಿಂಗನ್ನು ನನ್ನಿಂದ ತರಲಿಕ್ಕಾಗುದಿಲ್ಲ" ಎಂದು ಮೊದಲೇ ಹೇಳಿದ್ದರು; ಈಗಲೂ ಸೂರ್ಯನಿಗೆ ಎದುರಾಗಿ ತೆಗೆದರೆ ಚಿತ್ರ ಮಸುಕಾಗುತ್ತದೆ. ಕ್ಯಾಮೆರಾ ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗಿರುತ್ತದೆ. ಈ ಮೀಟರಿಗೆ ಆಫ್ ಬಟನ್ ಇಲ್ಲವಾದ್ದರಿಂದ ಲೆನ್ಸಿನ ಮುಚ್ಚಳ ಹಾಕುವುದನ್ನು ಮರೆತರೆ ಬ್ಯಾಟರಿ ಖಾಲಿಯಾಗುತ್ತದೆ, ನಾನು ಎರಡು ಸಲ ಮರೆತಿದ್ದೇನೆ.

ಪೆಂಟಾಕ್ಸಿನ ಮೊದಲ ರೀಲನ್ನು ಯಾವ ಸಮಾರಂಭಕ್ಕೂ ಬಳಸದೆ, ಪರೀಕ್ಷೆಗೆಂದೇ ಇಟ್ಟೆ. ಬೆಳಕು ಬದಲಾಗದ, ಮೋಡ ಕವಿದ ಒಂದು ಮಧ್ಯಾಹ್ನ 400 ಐಎಸ್‌ಒದ (ಇದು ರೀಲು ಬೆಳಕಿಗೆ ಸ್ಪಂದಿಸುವ ಅಳತೆ) ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ರೀಲು ಹಾಕಿ, ಹಿತ್ತಿಲ ಬಿಳಿ ಗೋಡೆಯನ್ನೇ ಅಪರ್ಚರ್ 16ಕ್ಕೆ 1/60, 11ಕ್ಕೆ 1/125, 8ಕ್ಕೆ 1/250, 5.6ಕ್ಕೆ 1/500, 4ಕ್ಕೆ 1/1000 ಎಂದು ತೆಗೆಯುತ್ತ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಅಪರ್ಚರ್ ಸಂಖ್ಯೆ ಇಳಿದಷ್ಟೂ ರಂಧ್ರ ಹಿಗ್ಗುತ್ತದೆ, ಶಟರ್ ತೆರೆದಿರುವ ಹೊತ್ತು ಕುಗ್ಗುತ್ತದೆ; ಇವೆಲ್ಲದರಲ್ಲೂ ರೀಲಿಗೆ ಬೀಳುವ ಬೆಳಕು ಒಂದೇ ಆದ್ದರಿಂದ ಶಟರ್ ಸರಿಯಿದ್ದರೆ ನೆಗೆಟಿವ್‌ಗಳೆಲ್ಲ ಒಂದೇ ಗಾಢತೆಯಲ್ಲಿ ಬರಬೇಕು. ನಮ್ಮೂರಿನಲ್ಲಿ ತೊಳೆದುಕೊಡುವವರು ಸಿಗದೆ, ಡಿ-76 ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಮನೆಯಲ್ಲೇ ತೊಳೆದೆ. ಆ 20 ಡಿಗ್ರಿಗಾಗಿ ಬಕೆಟ್ಟಿಗೆ ಎರಡು ಟ್ರೇ ಐಸು ಸುರಿಯಬೇಕಾಯಿತು. ನಾಲ್ಕು ಚೌಕಗಳು ಒಂದೇ ಬಣ್ಣದಲ್ಲಿದ್ದವು. 1/1000ದ್ದು ಮಾತ್ರ ಒಂದು ಅಂಚಿನತ್ತ ತೆಳ್ಳಗಾಗುತ್ತ ಹೋಗಿತ್ತು, ಅಂದರೆ ಶಟರಿನ ಎರಡು ಪರದೆಗಳಲ್ಲಿ ಎರಡನೆಯದು ಮೊದಲನೆಯದರ ಬೆನ್ನು ಹತ್ತಿ ಬಂದು, ಬೆಳಕು ಹಾಯುವ ನಡುವಿನ ಕಿಂಡಿಯನ್ನು ಕಿರಿದು ಮಾಡುತ್ತಿತ್ತು. ಕೊಳ್ಳುವಾಗ ಇದು ಕಣ್ಣಿಗೂ ಫೋನಿಗೂ ಸಿಕ್ಕಿರಲಿಲ್ಲ. ಈ ರೀಲಿಗೆ ಉರಿಬಿಸಿಲಿನಲ್ಲೂ ಅಪರ್ಚರ್ 16ಕ್ಕೆ 1/500 ಸಾಕಾಗುವುದರಿಂದ ಅದನ್ನು ರಿಪೇರಿಗೆ ಕೊಡದೆ ಹಾಗೆಯೇ ಬಳಸುತ್ತಿದ್ದೇನೆ.

ಯಾಶಿಕಾವನ್ನು ಮಾರಲಿಲ್ಲ. ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಕಿಲುಬು ಉಜ್ಜಿ ತೆಗೆದ ಮೇಲೆ ದೀಪಗಳು ಹತ್ತಿದವು. ಆದರೆ ಈ ಮಾದರಿಯಲ್ಲಿ ಲಿವರ್ ಎಳೆಯುವಾಗ ಒಳಗಿನಿಂದ ಗಟ್ಟಿಯಾಗಿ ಟಕ್ ಎನ್ನುವ ಸದ್ದು ಬರಬೇಕು. ಒಳಗಿನ ಸಣ್ಣ ರಬ್ಬರ್ ತುಂಡು ಸವೆದು ಪುಡಿಯಾದರೆ ಆ ಸದ್ದು ನಿಂತು ವೇಗದ ಲೆಕ್ಕವೆಲ್ಲ ತಪ್ಪುತ್ತದೆ. ಅಂದು ಅಂಗಡಿಯಲ್ಲಿ ನಾನು ಕೇಳಿಸಿಕೊಳ್ಳಬೇಕಾಗಿದ್ದುದು ಬಟನ್ನಿನ ಕ್ಲಿಕ್ಕನ್ನಲ್ಲ, ಲಿವರಿನ ಆ ಟಕ್ಕನ್ನು. ಅದು ನನ್ನ ಕ್ಯಾಮೆರಾದಲ್ಲಿ ಇನ್ನೂ ಕೇಳಿಸಿಲ್ಲ.