ಒಮ್ಮೆ ಹೊರಡುವ, ಒಮ್ಮೆ ಹೊರಡದ ಕಾರು

ನನ್ನ ಹಳೆಯ ಕಾರು ಬೆಳಿಗ್ಗೆ ಮೊದಲ ಸಲಕ್ಕೇ ಹೊರಡುತ್ತಿತ್ತು. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದರೆ ಕೆಲವೊಮ್ಮೆ ಸಣ್ಣದೊಂದು ‘ಟಕ್’ ಸದ್ದು ಮಾತ್ರ ಬರುತ್ತಿತ್ತು. ಸೆಲ್ಫ್ (ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟರು) ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಂಧನದ ಪಂಪು, ಎಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ಗಳತ್ತ ನೋಡಬೇಕಾಗುತ್ತಿತ್ತು. ಇಲ್ಲಿ ಸೆಲ್ಫೇ ತಿರುಗುತ್ತಿರಲಿಲ್ಲವಾದ್ದರಿಂದ ಹುಡುಕಬೇಕಾದ ಜಾಗ ಅಷ್ಟರ ಮಟ್ಟಿಗೆ ಕಿರಿದಾಯಿತು.

ಎಲ್ಲರಂತೆ ನಾನೂ ಮೊದಲು ಬ್ಯಾಟರಿಯನ್ನು ಬದಲಿಸಿದೆ, ಆಮೇಲೆ ಸೆಲ್ಫನ್ನು ಚಾಲೂ ಮಾಡುವ ಸ್ವಿಚ್ಚಾದ ಸ್ಟಾರ್ಟರ್ ರಿಲೇಯನ್ನು. ಎರಡೂ ವ್ಯರ್ಥ ಖರ್ಚು. ಬ್ಯಾಟರಿಯ ಮೇಲೆ ಸಂಶಯಪಡಲು ಕಾರಣವೇ ಇರಲಿಲ್ಲವೆಂದು ಈಗ ಅನಿಸುತ್ತದೆ, ಏಕೆಂದರೆ ಕೀಲಿಯನ್ನು ಸ್ಟಾರ್ಟ್ ಸ್ಥಾನದಲ್ಲಿ ಹಿಡಿದಿದ್ದಾಗಲೂ ಹೆಡ್‌ಲೈಟ್ ಮಂಕಾಗುತ್ತಿರಲಿಲ್ಲ. ಬ್ಯಾಟರಿ ಸೋತಿದ್ದರೆ ದೀಪ ಕುಗ್ಗಬೇಕಿತ್ತು; ಕುಗ್ಗಲಿಲ್ಲವೆಂದರೆ ಸ್ಟಾರ್ಟರ್ ಮೋಟರಿಗೆ ಬೇಕಾದಷ್ಟು ಕರೆಂಟ್ ಹರಿಯುತ್ತಲೇ ಇಲ್ಲವೆಂದು ಅರ್ಥ.

ಇಂಥ ದೋಷದ ದೊಡ್ಡ ತೊಂದರೆಯೆಂದರೆ, ಪರೀಕ್ಷಿಸಲು ಕೂತಾಗ ಅದು ಇರುವುದಿಲ್ಲ. ಕಾರು ಸರಿಯಾಗಿ ಹೊರಡುತ್ತಿರುವಾಗ ಎಷ್ಟು ಅಳೆದರೂ ಎಲ್ಲವೂ ಸರಿಯೆಂದೇ ಕಾಣುತ್ತದೆ. ಆದ್ದರಿಂದ ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಕಾರಿನಲ್ಲೇ ಇಟ್ಟುಕೊಂಡು ತಿರುಗಾಡಿದೆ. ನಾಲ್ಕನೆಯ ದಿನ ಕಾರು ಕೈಕೊಟ್ಟಿತು. ಜೊತೆಗಿದ್ದವರಿಗೆ ಕೀಲಿ ತಿರುಗಿಸಿ ಹಿಡಿಯಲು ಹೇಳಿ, ನಾನು ಬಾನೆಟ್ ಎತ್ತಿ ನಿಂತೆ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 12.3 ವೋಲ್ಟ್ ಇತ್ತು. ಪಾಸಿಟಿವ್ ಟರ್ಮಿನಲ್‌ನಿಂದ ಸ್ಟಾರ್ಟರಿನ ದಪ್ಪ ಬೋಲ್ಟಿನವರೆಗೆ ನಷ್ಟವಾಗುತ್ತಿದ್ದುದು 0.2 ವೋಲ್ಟ್ ಮಾತ್ರ. ಆದರೆ ನೆಗೆಟಿವ್ ಟರ್ಮಿನಲ್ ಮತ್ತು ಎಂಜಿನ್ ಬ್ಲಾಕ್‌ನ ನಡುವೆ ಮೀಟರು 6.8 ವೋಲ್ಟ್ ತೋರಿಸಿತು. ಅರ್ಥಿಂಗ್, ಅಂದರೆ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಚೆನ್ನಾಗಿದ್ದರೆ ಅಲ್ಲಿ 0.2ಕ್ಕಿಂತ ಹೆಚ್ಚು ಇರಬಾರದು. ಖಚಿತಪಡಿಸಿಕೊಳ್ಳಲು ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದು ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಸಿಕ್ಕಿಸಿದೆ. ಸೆಲ್ಫ್ ತಕ್ಷಣ ತಿರುಗಿತು.

ಕಾರಿನ ಬಾಡಿಯನ್ನೂ ಎಂಜಿನ್ನನ್ನೂ ಸೇರಿಸುವ ಅರ್ಥಿಂಗ್ ವೈರು ಹೊರನೋಟಕ್ಕೆ ಗಟ್ಟಿಯಾಗಿಯೇ ಇತ್ತು. ಬಿಚ್ಚಿ, ಅದರ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಲೋಹದ ಲಗ್ಗನ್ನು ಸೀಳಿದಾಗ ಒಳಗೆ ಹಸಿರು ಪುಡಿ. ತಾಮ್ರದ ಎಳೆಗಳಲ್ಲಿ ಬಹುಪಾಲು ತುಂಡಾಗಿದ್ದವು. ಉಳಿದ ಕೆಲವು ಎಳೆಗಳು ತಣ್ಣಗಿದ್ದಾಗ ಹೇಗೋ ತಾಗಿಕೊಂಡಿದ್ದು, ಎಂಜಿನ್ನಿನ ಕಾವಿಗೆ ಸಡಿಲಗೊಳ್ಳುತ್ತಿದ್ದಿರಬೇಕು. ಹೊಸ ವೈರು ಹಾಕುವ ಮುನ್ನ ಬೋಲ್ಟ್ ಕೂರುವ ಜಾಗದ ಬಣ್ಣವನ್ನೂ ತುಕ್ಕನ್ನೂ ಲೋಹ ಹೊಳೆಯುವವರೆಗೆ ಉಜ್ಜಿದೆ. ಬಳಿಕ ಎಂಜಿನ್ ಬಿಸಿಯಿದ್ದಾಗಲೇ ಅಳೆದಾಗ ಅದೇ ಜಾಗದಲ್ಲಿ 0.1 ವೋಲ್ಟ್ ಇತ್ತು.

ತಿಂಗಳ ಹಿಂದೆ ಕ್ಲಚ್ ಕೇಬಲಿನ ಹೊದಿಕೆ ಒಂದೆಡೆ ಕರಗಿದ್ದನ್ನು ಕಂಡು, ಸೈಲೆನ್ಸರಿನ ಪೈಪು ತಾಗಿರಬಹುದೆಂದು ಸುಮ್ಮನಾಗಿದ್ದೆ. ಸರಿಯಾದ ದಾರಿ ಸಿಗದ ಸ್ಟಾರ್ಟರಿನ ಕರೆಂಟ್ ಆ ಕೇಬಲಿನ ಉಕ್ಕಿನ ತಂತಿಯ ಮೂಲಕವೂ ಹರಿದು ಅದನ್ನು ಕಾಯಿಸಿತ್ತೆಂಬುದು ಆಗ ಹೊಳೆಯಿತು. ಅದನ್ನೂ ಬದಲಿಸಿದೆ.