ಪ್ಲೈವುಡ್ ದೋಣಿಗೆ ಗಾಜಿನ ಬಟ್ಟೆ ಹೊದಿಸಿದ್ದು

ನಮ್ಮ ಕುಂದಾಪುರ, ಗಂಗೊಳ್ಳಿ ಕಡೆ ಫೈಬರ್ ದೋಣಿ ಅಂದರೆ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಮತ್ತು ಮ್ಯಾಟ್ (ಗಾಜಿನ ತುಂಡು ಎಳೆಗಳ ಹಾಸು). ಅಚ್ಚಿನೊಳಗೆ ಪದರ ಪದರವಾಗಿ ಕಟ್ಟುವುದಕ್ಕೆ ಅದು ಸರಿ. ನಾನು ಮನೆಯಲ್ಲಿ ಮಾಡಿಕೊಂಡಿದ್ದು 6 ಮಿ.ಮೀ. ಮರೀನ್ ಪ್ಲೈವುಡ್‌ನ ಪುಟ್ಟ ದೋಣಿ. ಪಾಲಿಯೆಸ್ಟರ್ ಮರವನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಕ್ರಮೇಣ ಸಿಪ್ಪೆ ಏಳುತ್ತದೆ. ದುಡ್ಡು ಜಾಸ್ತಿಯಾದರೂ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ನೇ ಸರಿ ಅನ್ನಿಸಿತು.

ಅಂಗಡಿಯವರು ಜೊತೆಗೆ ಮ್ಯಾಟ್ ಕಟ್ಟಿಕೊಡಲು ಹೊರಟರು. ಬೇಡ ಅಂದೆ. ಮಾಮೂಲಿ ಮ್ಯಾಟಿನ ಎಳೆ ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ. ಎಪಾಕ್ಸಿಯಲ್ಲಿ ಅದಿಲ್ಲ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ನೇಯ್ದ ಗಾಜಿನ ಬಟ್ಟೆ ತಂದೆ.

ದೋಣಿಯನ್ನು ಕವುಚಿ ಹಾಕಿ, ಸ್ಕ್ರೂ ತೂತುಗಳಿಗೆ ಎಪಾಕ್ಸಿ ಮತ್ತು ಮರದ ಹುಡಿ ಕಲಸಿ ತುಂಬಿದೆ. ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದೆ. ಚೂಪು ಅಂಚಿನಲ್ಲಿ ಬಟ್ಟೆ ಕೂರುವುದಿಲ್ಲ, ಎದ್ದು ಗಾಳಿ ಸೇರುತ್ತದೆ.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಹೊತ್ತಿನ ಬಗ್ಗೆ. ಬೆಳಿಗ್ಗೆ ಮರ ಕಾಯುತ್ತಾ ಹೋಗುತ್ತದೆ. ಒಳಗಿನ ಗಾಳಿ ಹಿಗ್ಗಿ, ಹಸಿ ರೆಸಿನ್‌ನಲ್ಲಿ ಗುಳ್ಳೆ ಏಳುತ್ತದೆ. ಬಿಸಿಲು ಇಳಿದ ಮೇಲೆ ಉಲ್ಟಾ: ಮರ ತಣಿಯುತ್ತಾ ರೆಸಿನ್ ಅನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಮಳೆ ಪೂರ್ತಿ ನಿಂತ ಮೇಲೆ, ಚಪ್ಪರದ ನೆರಳಲ್ಲಿ, ಸಂಜೆಯೇ ಶುರು ಮಾಡಿದೆ.

ರೆಸಿನ್‌ಗೆ ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಸೇರಿಸಿ, ಒಂದು ಸಲಕ್ಕೆ 200 ಗ್ರಾಂ ಆಸುಪಾಸು ಮಾತ್ರ ಕಲಸುತ್ತಿದ್ದೆ. ತೂಕ ಮಾಡಿಯೇ, ಡಬ್ಬದ ಮೇಲಿನ ಲೆಕ್ಕದಂತೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವ ಹಾಗಿಲ್ಲ, ಎಪಾಕ್ಸಿ ಮೆತ್ತಗೇ ಉಳಿಯುತ್ತದೆ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತಾನೇ ಬಿಸಿಯಾಗಿ ಹೊಗೆ ಬರುವುದೂ ಉಂಟು. ತಕ್ಷಣ ಅಗಲ ತಟ್ಟೆಗೆ ಸುರಿಯಬೇಕು.

ಒಣ ಬಟ್ಟೆ ಹಾಸಿ, ನಡುವೆ ಸುರಿದು, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿಗೆ ಎಳೆದೆ. ಬಿಳಿ ಕಂಡರೆ ರೆಸಿನ್ ಸಾಲದು. ಫಳಫಳ ಹೊಳೆದರೆ ಹೆಚ್ಚಾಗಿದೆ, ಬಟ್ಟೆ ತೇಲುತ್ತಿದೆ. ನೇಯ್ಗೆ ಮಂಕಾಗಿ ಕಾಣಬೇಕು. ಎಲ್ಲರ ಕೈಯೂ ಇನ್ನಷ್ಟು ಸುರಿಯಲು ಹೋಗುತ್ತದೆ, ಆದರೆ ರೆಸಿನ್ ಹೆಚ್ಚಾದರೆ ಬಲ ಹೆಚ್ಚುವುದಿಲ್ಲ, ಸುಮ್ನೆ ಭಾರ. ಬೆರಳಿಗೆ ಅಂಟುವ ಹದಕ್ಕೆ ಬಂದಾಗ, ಅದೇ ರಾತ್ರಿ, ನೇಯ್ಗೆ ಮುಚ್ಚಲು ಇನ್ನೊಂದು ಕೋಟ್ ಕೊಟ್ಟೆ.

ಬೆಳಿಗ್ಗೆ ಮೇಲೆ ಜಿಡ್ಡು ಕೂತಿತ್ತು. ಕರಾವಳಿಯ ತೇವದ ಗಾಳಿ ಅಲ್ವಾ! ಮೊದಲು ನೀರು ಹಾಕಿ ಸ್ಕ್ರಬ್ಬರ್‌ನಿಂದ ತೊಳೆದೆ, ಆಮೇಲೆ ಸ್ಯಾಂಡ್ ಪೇಪರ್. ತೊಳೆಯದೆ ಉಜ್ಜಿದರೆ ಪೇಪರ್ ಕಟ್ಟಿಕೊಳ್ಳುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ಮಾಸ್ಕ್, ಗ್ಲೌಸ್ ಎಷ್ಟು ಸೆಕೆಯಾದರೂ ತೆಗೆಯಲಿಲ್ಲ.

ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಮೇಲೆ ಬಣ್ಣ ಬೇಕೇ ಬೇಕು. ನನಗೆ ಇಷ್ಟ ಕಡುನೀಲಿ. ಆದರೆ ಕಡುಬಣ್ಣ ಬಿಸಿಲಿಗೆ ಕಾದರೆ ಕೆಳಗಿನ ಎಪಾಕ್ಸಿ ಮೆತ್ತಗಾಗಬಹುದು. ತಿಳಿಹಳದಿ ಬಳಿದೆ.