ಕೆಮ್ಮಿನ ಸದ್ದಲ್ಲ, ಮಗುವಿನ ಉಸಿರು ಎಣಿಸಿ

ಚಳಿ, ಆಲೆಮನೆ ಹೊಗೆ, ಕಬ್ಬಿನ ತರಗಿಗೆ ಇಟ್ಟ ಬೆಂಕಿ ಎಲ್ಲ ಒಟ್ಟಿಗೆ ಸೇರುವ ದಿನಗಳಲ್ಲಿ ಮಂಡ್ಯ ಸೀಮೆಯ ಮನೆಮನೆಯಲ್ಲೂ ಮಕ್ಕಳು ಕೆಮ್ಮುತ್ತವೆ. ಬಹುಪಾಲು ಬರೀ ನೆಗಡಿ. ನ್ಯುಮೋನಿಯಾ ಯಾವುದೆಂದು ಕೆಮ್ಮಿನ ಸದ್ದು ಹೇಳುವುದಿಲ್ಲ, ಉಸಿರಿನ ವೇಗ ಹೇಳುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು, ನೀರು ತುಂಬಿದಾಗ ಆಮ್ಲಜನಕ ಸಾಲದೆ ಮಗು ಬೇಗಬೇಗ ಉಸಿರಾಡುತ್ತದೆ.

ಎಣಿಸುವಾಗ ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ನಿದ್ದೆಯಲ್ಲಿದ್ದರೆ ಒಳ್ಳೆಯದು. ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಟೈಮರ್ ಇಟ್ಟು, ಹೊಟ್ಟೆ ಏರಿ ಇಳಿದದ್ದನ್ನು ಒಂದೆಂದು ಹಿಡಿದು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ನೋಡಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ. ಎಳೆಗೂಸಿನ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಿಧಾನವಾಗುತ್ತದೆ, ಲೆಕ್ಕ ತಪ್ಪುತ್ತದೆ.

2 ತಿಂಗಳಿಂದ 1 ವರ್ಷದೊಳಗೆ 50, 1ರಿಂದ 5 ವರ್ಷದೊಳಗೆ 40: ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ನೇರ ದೊಡ್ಡಾಸ್ಪತ್ರೆಗೆ.

ಆಮೇಲೆ ಪಕ್ಕೆ ನೋಡಿ. ಉಸಿರೆಳೆದಾಗ ಎದೆಯ ಕೆಳಭಾಗ ಉಬ್ಬುವ ಬದಲು ಒಳಗೆ ಹೋದರೆ ಅದು ಪಕ್ಕೆ ಸೆಳೆತ, ಅಂದೇ ವೈದ್ಯರು ನೋಡಬೇಕು. ಹಾಲು, ನೀರು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವಿದೆ.

ವೈದ್ಯರು ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ, ಸಾಮಾನ್ಯವಾಗಿ ಐದು ದಿನ, ಪೂರ್ತಿ ಹಾಕಿ. ಎರಡನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸುವುದೇ ಹೆಚ್ಚು ಕಾಣುವ ತಪ್ಪು. ಎರಡು ದಿನ ಕಳೆದರೂ ಉಸಿರಿನ ಎಣಿಕೆ ಇಳಿಯದಿದ್ದರೆ ಮತ್ತೆ ತೋರಿಸಿ. ಹಿಂದಿನ ಸಲ ಉಳಿದ ಬಾಟಲಿಯ ಸಿರಪ್ ಬೇಡವೇ ಬೇಡ. ಪ್ಯಾರಸಿಟಮಾಲ್ ಅಳತೆ ತೂಕದ ಮೇಲೆ: ಕಿಲೋಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆಗಿಂತ ಹೆಚ್ಚಿಲ್ಲ. 2 ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಮೂಗಿಗೆ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದೇ ಇನ್ನೊಂದು ಬಗೆಯ ನ್ಯುಮೋನಿಯಾ. ಕೆಮ್ಮಿನ ಸಿರಪ್ಪೂ ಐದು ವರ್ಷದೊಳಗಿನವರಿಗೆ ಬೇಡ. ಮೂಗು ಕಟ್ಟಿದ್ದರೆ ಸಲೈನ್ (ಉಪ್ಪುನೀರಿನ) ಹನಿ ಸಾಕು. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕುಡಿಸಿ. ಸೌದೆ ಒಲೆಯ ಮುಂದೆ, ಬೀಡಿ ಹೊಗೆಯಲ್ಲಿ ಮಗುವನ್ನು ಕೂರಿಸಬೇಡಿ.

ನ್ಯುಮೋನಿಯಾ ತಡೆಯಲು ಹಾಕುವ ನ್ಯುಮೋಕಾಕಲ್ ಲಸಿಕೆ 6ನೇ ವಾರ, 14ನೇ ವಾರ, 9ನೇ ತಿಂಗಳಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ತಾಯಿ ಕಾರ್ಡಿನಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ.